ಬಲಿ ಬೇಡದ ಕಟ್ಟಡ

ಕೋಟೆ, ಕೆರೆ, ಅಣೆಕಟ್ಟುಗಳ ಚರಿತ್ರೆಯನ್ನು ನಾವು ಕಟ್ಟಿಸಿದವರ ಹೆಸರು ಹಿಡಿದು ಓದುತ್ತೇವೆ. ಕಟ್ಟುತ್ತಿದ್ದವರ ಕೈಕಾಲು ಕಾಯ್ದವರಾರು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಶಾಸನಗಳೂ ಆ ಮಾತನ್ನು ಎತ್ತುವುದು ಅಪರೂಪ.

ಹೊಸಪೇಟೆಯ ದಕ್ಷಿಣಕ್ಕೆ, ಗುಡ್ಡಗಳ ನಡುವೆ, ಕೃಷ್ಣದೇವರಾಯನು ಒಂದು ಮಹಾ ಕೆರೆಯನ್ನು ಕಟ್ಟಿಸಿದನು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆ ಕೆಲಸವನ್ನು ಕಣ್ಣಾರೆ ಕಂಡಿದ್ದನು. ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರಂತೆ. ರಾಯನು ಕೆಲಸವನ್ನು ತನ್ನ ನಾಯಕರಿಗೆ ಪಾಲು ಹಂಚಿ, ಅವರವರ ಆಳುಗಳ ಹೊಣೆಯನ್ನು ಅವರವರಿಗೆ ವಹಿಸಿದ್ದನಂತೆ. ಆದರೂ ಏರಿ ಎರಡು ಮೂರು ಸಲ ಒಡೆಯಿತು. ದೇವತೆ ರಕ್ತ ಬೇಡುತ್ತದೆಂದು ಬಲ್ಲವರು ಹೇಳಿದರು. ಅರವತ್ತು ಜನರ ತಲೆ ಉರುಳಿತು. ಮುಂದೆ ಬಂದ ನೂನಿಜ್ ಎಂಬವನೂ ಈ ಬಲಿಯ ಕಥೆಯನ್ನು ತನ್ನದೇ ರೀತಿಯಲ್ಲಿ ಬರೆದಿದ್ದಾನೆ. ಬಲಿಯಾದವರ ಲೆಕ್ಕ ನಮಗೆ ಸಿಕ್ಕಿದೆ. ಏರಿ ಒಡೆದಾಗ ಅದರ ಕೆಳಗಿದ್ದ ಆಳುಗಳ ಗತಿ ಏನಾಯಿತೆಂಬ ಲೆಕ್ಕ ಅಲ್ಲಿಲ್ಲ.

‘ಕೆರೆಗೆ ಹಾರ’ವಾದ ಭಾಗೀರಥಿಯ ಕಥೆಯನ್ನು ಕೇಳದ ಕನ್ನಡಿಗರು ವಿರಳ. ದೊಡ್ಡ ಕೆಲಸ ಜೀವ ಬೇಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಆದರೆ ಕಲ್ಲು ಮಣ್ಣಿನೊಡನೆ ಬಾಳಿದವರಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ವಿದ್ಯೆಯೂ ಬೆಳೆದು ಬಂದಿದೆ. ಹತ್ತು ಜನ ಒಂದು ಚಪ್ಪಡಿಯನ್ನು ಎತ್ತುವಾಗ ಒಬ್ಬನು ‘ಐಸಾ’ ಎಂದು ಕೂಗುತ್ತಾನೆ, ಉಳಿದವರು ದನಿಗೂಡಿಸುತ್ತಾರೆ. ದಾರಿಹೋಕರಿಗೆ ಅದು ದಣಿವು ಮರೆಯುವ ಹಾಡು. ಕೆಲಸದವರಿಗೆ ಅದೇ ಕಟ್ಟಳೆ. ಎಲ್ಲರೂ ಒಟ್ಟಿಗೆ ಎತ್ತಬೇಕು, ಒಟ್ಟಿಗೆ ಇಳಿಸಬೇಕು. ಒಬ್ಬನು ಕ್ಷಣ ಮೊದಲು ಕೈಬಿಟ್ಟರೆ ಇನ್ನೊಬ್ಬನ ಪಾದ ಜಜ್ಜಿಹೋಗುತ್ತದೆ. ಕೂಗುವವನಿಗೆ ಪದವಿಯಿಲ್ಲ, ಹೆಚ್ಚಿನ ಕೂಲಿಯೂ ಇರಬೇಕೆಂದಿಲ್ಲ. ಆದರೂ ಆ ಗಳಿಗೆಯಲ್ಲಿ ಹತ್ತು ಜನರ ನಾಯಕ ಅವನೇ. ತೇರಿನ ಗಾಲಿಗೆ ಸನ್ನೆ ಹಾಕುವವರ ಕೆಲಸವೂ ಇಂಥದೇ. 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿಬಿದ್ದು ಹಲವರು ಗಾಯಗೊಂಡರು. ಭಕ್ತಿ ಎಷ್ಟು ದೊಡ್ಡದಾದರೂ ಭಾರ ಹೊರುವುದು ಗಾಲಿ ಅಚ್ಚುಗಳೇ ಎಂಬುದನ್ನು ಆ ಸಂಜೆ ಎಲ್ಲರೂ ಕಂಡರು.

ಈ ಸೀಮೆಯ ಜನ ಕಂಡ ಅತಿ ದೊಡ್ಡ ಕಟ್ಟಡ ಕೆಲಸ ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರವರಿ 28ರಂದು ಅದಕ್ಕೆ ಅಡಿಗಲ್ಲು ಬಿತ್ತು. 1953ರಲ್ಲಿ ನೀರು ಕಾಲುವೆಗೆ ಹರಿಯಿತು. ಇಂಜಿನಿಯರ್ ತಿರುಮಲೆ ಅಯ್ಯಂಗಾರರ ಹೆಸರನ್ನು ನಾಡು ಕೃತಜ್ಞತೆಯಿಂದ ನೆನೆಯುತ್ತದೆ. ಆದರೆ ಅದು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಮೇಲೆದ್ದ ಕಟ್ಟಡ. ಕಲ್ಲು ಒಡೆದವರು, ಗಾರೆ ಹೊತ್ತವರು, ಸಾರುವೆಯ ಮೇಲೆ ನಿಂತವರು ಸಾವಿರಾರು ಮಂದಿ. ಹಿನ್ನೀರು ಹಡಗಲಿ, ಹಗರಿಬೊಮ್ಮನಹಳ್ಳಿಗಳ ಅಂಚಿಗೆ ಬಂದು ನಿಂತಿದೆ. ಆ ಸಾವಿರಾರು ಹೆಸರುಗಳು ಮಾತ್ರ ನೀರಿನ ಮೇಲೆ ಬರೆದಂತಾಗಿವೆ.

2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿಗೇ ಉಕ್ಕಿನ ಅಡ್ಡಗಳನ್ನು ಇಳಿಸಿ, ಒಂದೇ ವಾರದಲ್ಲಿ ಆ ಬಾಗಿಲನ್ನು ಮುಚ್ಚಿದರು. ಐದು ಶತಮಾನಗಳ ಹಿಂದೆ ಇದೇ ಸೀಮೆಯಲ್ಲಿ ನೀರು ನಿಲ್ಲಿಸಲು ತಲೆ ಕಡಿದರು. ಈಗ ಅಳತೆ ಮಾಡಿದರು, ಕಾದರು, ಸರಿಹೊಂದದಾಗ ಮತ್ತೆ ಪ್ರಯತ್ನಿಸಿದರು. ನೀರು ನಿಂತಿತು. ಇದಕ್ಕಿಂತ ದೊಡ್ಡ ಪಾಠ ಬೇಕೆ?

ಕಾನೂನೂ ಬಂದಿತು. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು 500 ಅಥವಾ ಹೆಚ್ಚು ಜನ ದುಡಿಯುವ ಕಡೆ ಸುರಕ್ಷತಾ ಸಮಿತಿ ಇರಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ಕೂಡ್ಲಿಗಿಯಿಂದಲೋ ಹರಪನಹಳ್ಳಿಯಿಂದಲೋ ಮಳೆ ಕೈಕೊಟ್ಟ ವರ್ಷ ಗುಳೆ ಹೊರಟ ಗಂಡಹೆಂಡಿರು ಸೇರುವುದು ಅನೇಕ ವೇಳೆ ಎಂಟು ಹತ್ತು ಜನರ ಕೆಲಸಕ್ಕೆ; ನಮ್ಮ ನಿಮ್ಮಂಥವರ ಮನೆಯ ಕೆಲಸಕ್ಕೆ. ಅಲ್ಲಿ ಸಮಿತಿಯಿಲ್ಲ, ಇರುವವನು ಮೇಸ್ತ್ರಿ, ಇಲ್ಲವೆ ಅನುಭವಸ್ಥನಾದ ಒಬ್ಬ ಗೌಂಡಿ. ಪಾಯದ ಅಂಚಿನಲ್ಲಿ ಮಣ್ಣು ಒಟ್ಟಬೇಡಿರೆಂದು, ಈ ಹಲಗೆ ಬಿರುಕು ಬಿಟ್ಟಿದೆ ಹತ್ತಬೇಡಿರೆಂದು ಹೇಳುವವನು ಅವನೇ.

ಅವನು ಹಾಗೆ ಹೇಳಿದ ದಿನ ಕೆಲಸ ಅರ್ಧ ದಿನ ಹಿಂದೆ ಬೀಳುತ್ತದೆ. ಗೃಹಪ್ರವೇಶದ ಮುಹೂರ್ತ ಗೊತ್ತುಮಾಡಿಕೊಂಡ ಯಜಮಾನರಿಗೆ ಸಿಟ್ಟು ಬರುತ್ತದೆ. ‘ಮೇಸ್ತ್ರಿ, ಇವತ್ತೊಂದು ದಿನ ಹೇಗಾದರೂ ಮುಗಿಸಪ್ಪ’ ಎಂಬ ಮಾತು ನಮ್ಮ ಬಾಯಿಂದ ಎಷ್ಟು ಸಲೀಸಾಗಿ ಹೊರಡುತ್ತದೆ! ಆ ಮಾತಿಗೆ ಮಣಿದು ಅವನು ಸುಮ್ಮನಾದರೆ, ರಾಯನ ಕೆರೆಯ ಏರಿಯ ಮೇಲಿದ್ದ ನಂಬಿಕೆಯೇ ನಮ್ಮ ಮನೆಯ ಪಾಯದಲ್ಲಿ ಬಂದು ಕುಳಿತಂತಾಯಿತು. ಮಣಿಯದೆ ‘ಬೇಡ್ರೀ, ನಾಳೆ ಆಗಲಿ’ ಎಂದವನ ಹೆಸರನ್ನು ಯಾವ ಕಲ್ಲಿನಲ್ಲಿಯೂ ಕೆತ್ತುವುದಿಲ್ಲ. ಅವನಿಗೆ ಸಲ್ಲಬೇಕಾದ ಗೌರವ ಒಂದೇ: ಆ ಅರ್ಧ ದಿನದ ಕೂಲಿಯನ್ನು ಗೊಣಗದೆ ಕೊಡುವುದು.