ಕನ್ನಡ ಸಾಲಿಯ ಹೊಸ್ತಿಲಲ್ಲಿ ಮನೆಮಾತು

ಗದಗ ಸೀಮೆಯ ಹಿರಿಯರು ಪ್ರಾಥಮಿಕ ಶಾಲೆಗೆ ಈಗಲೂ ‘ಕನ್ನಡ ಸಾಲಿ’ ಎನ್ನುತ್ತಾರೆ. ಹಳೇ ಮೈಸೂರಿನವರ ಕಿವಿಗೆ ಇದು ತುಸು ವಿಚಿತ್ರವಾಗಿ ಬಿದ್ದೀತು: ಕನ್ನಡ ನೆಲದಲ್ಲಿ ಊರ ಸಾಲಿ ಕನ್ನಡದ್ದಲ್ಲದೆ ಮತ್ಯಾವುದರದ್ದು? ಆದರೆ ಒಂದರ ಹೆಸರಿನ ಹಿಂದೆ ಇಂಥ ಗುರುತು ಅಂಟಿಕೊಳ್ಳುವುದು ಅಂಥದೇ ಇನ್ನೊಂದು ಮಗ್ಗುಲಲ್ಲಿ ಇದ್ದಾಗ. ಇಲ್ಲಿ ಮೊದಲು ಮರಾಠಿ ಸಾಲಿ ಇತ್ತು, ಆಮೇಲೆ ಇಂಗ್ಲಿಷ್ ಸಾಲಿ ಬಂತು. ಸಾಲಿಯೊಳಗಿನ ಶಬ್ದಗಳೂ ಅದನ್ನೇ ಹೇಳುತ್ತವೆ. ತರಗತಿಗೆ ಇಯತ್ತೆ, ಸ್ಲೇಟಿಗೆ ಪಾಟಿ, ಹಾಜರಿಯ ಕಟ್ಟಿಗೆ ದಪ್ತರ. ಒಂದನೇ ಇಯತ್ತೆಗೂ ಮುಂಚೆ ಕೂಸುಗಳನ್ನು ಕೂಡಿಸುತ್ತಿದ್ದ ತರಗತಿಗೆ ಬಿನ್ಯತ್ತೆ, ಅಂದರೆ ‘ಬಿನ್ ಇಯತ್ತೆ’, ಇಯತ್ತೆಯೇ ಇಲ್ಲದ್ದು. ಎಲ್ಲ ಮರಾಠಿಯ ಬಾಗಿಲಿನಿಂದ ಬಂದವು. ಸಾಲಿ ಕನ್ನಡದ್ದಾದ ಮೇಲೂ ಹಿಂದಿನ ಒಕ್ಕಲಿನ ಪಾತ್ರೆಪಡಗ ಅಲ್ಲೇ ಉಳಿದುಕೊಂಡವು. ಇಯತ್ತೆಯಿಲ್ಲದ ಆ ಕೂಸನ್ನು ಮೊದಲು ಯಾವ ಮಾತಿನಲ್ಲಿ ಮಾತಾಡಿಸಬೇಕು ಎಂಬ ಪ್ರಶ್ನೆಯನ್ನು ಈ ಸೀಮೆ ಹತ್ತೊಂಬತ್ತನೆಯ ಶತಮಾನದಲ್ಲೇ ಎತ್ತಿತ್ತು, ಉತ್ತರವನ್ನೂ ಕಂಡುಕೊಂಡಿತ್ತು. ಆ ಉತ್ತರವನ್ನು ಕನ್ನಡದ ಮಟ್ಟಿಗೆ ಒಪ್ಪಿಕೊಂಡ ನಾವು ತಾಂಡಾದ, ದರ್ಗಾ ಓಣಿಯ, ನೇಕಾರ ಓಣಿಯ ಕೂಸಿನ ಮಟ್ಟಿಗೆ ಮರೆತಿದ್ದೇವೆ ಎಂಬುದೇ ಈ ಬರಹದ ವಾದ.

ಮೊದಲು ಆಳಿಕೆಯ ನಕಾಶೆ ನೋಡಬೇಕು. 1948ರವರೆಗೆ ಲಕ್ಷ್ಮೇಶ್ವರ ಮಿರಜ ಹಿರಿಯ ಸಂಸ್ಥಾನದ ತಾಲೂಕು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಎರಡೂ ಪಟವರ್ಧನರ ಮನೆತನದವು. ಗದಗ, ಬೆಟಗೇರಿ, ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಮುಂಡರಗಿಯಿಂದ ತುಂಗಭದ್ರೆ ದಾಟಿ ಹಡಗಲಿಯತ್ತ ಹೋದರೆ ಮದ್ರಾಸ್ ಇಲಾಖೆ. ಮೂಡಣಕ್ಕೆ ಕೊಪ್ಪಳದತ್ತ ನಡೆದರೆ ನಿಜಾಮರ ಸೀಮೆ, ಅಲ್ಲಿ ಕಚೇರಿಯ ಮಾತು ಉರ್ದು. ಒಂದು ದಿನದ ಚಕ್ಕಡಿ ದಾರಿಯಲ್ಲಿ ಸರ್ಕಾರಿ ಕಾಗದದ ಭಾಷೆ ಹೀಗೆ ಬದಲಾಗುತ್ತಿತ್ತು, ಹೊಲದಲ್ಲಿ ದುಡಿಯುವವರ ಭಾಷೆ ಬದಲಾಗುತ್ತಿರಲಿಲ್ಲ. ಇದರಲ್ಲೊಂದು ವಿಪರ್ಯಾಸವೂ ಇದೆ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೊಂದು. ತನ್ನ ಭಾರತದ ಕನ್ನಡ ಪುಲಿಗೆರೆಯ ತಿರುಳ್ಗನ್ನಡವೆಂದು ಪಂಪನೂ ಹೇಳಿಕೊಂಡಿದ್ದಾನೆ. ಅಂಥ ಊರಿನಲ್ಲೇ ಒಂದು ಕಾಲಕ್ಕೆ ಲೆಕ್ಕಪತ್ರ ಮೋಡಿ ಲಿಪಿಯಲ್ಲಿ, ಹುಕುಂ ಮರಾಠಿಯಲ್ಲಿ ನಡೆದವು. ಊರಿನ ಭಾಷೆ ಎಷ್ಟೇ ಹಳೆಯದಿರಲಿ, ಎಷ್ಟೇ ಸಿರಿವಂತವಿರಲಿ, ಸಾಲಿಯ ಭಾಷೆಯನ್ನು ನಿರ್ಧರಿಸುವುದು ಕಚೇರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1818ರಲ್ಲಿ ಪೇಶವಾಯಿ ಮುಗಿದು ಧಾರವಾಡ ಸೀಮೆ ಕಂಪನಿಗೆ ಬಂದಾಗ ಬ್ರಿಟಿಷರು ಇದಕ್ಕೆ ಇಟ್ಟ ಹೆಸರು ದಕ್ಷಿಣ ಮರಾಠಾ ಸೀಮೆ. ಇಲ್ಲಿಯ ಶಾಸನಗಳನ್ನು ಓದಿದ, ಇದೇ ವಿಭಾಗದಲ್ಲಿ ಶಿಕ್ಷಣಾಧಿಕಾರಿಯೂ ಆಗಿದ್ದ ಜೆ.ಎಫ್. ಫ್ಲೀಟ್, 1882ರ ತನ್ನ ಪುಸ್ತಕದಲ್ಲಿ ಆ ಹೆಸರೇ ತಪ್ಪು, ಇದು ಕನ್ನಡ ಜಿಲ್ಲೆಗಳ ನಾಡು ಎಂದು ವಾದಿಸಬೇಕಾಯಿತು. ಹೆಸರು ತಪ್ಪಿದ್ದರಿಂದ ಸಾಲಿಯೂ ತಪ್ಪಿತು. ಸರ್ಕಾರ ತೆರೆದ ಮೊದಮೊದಲ ಸಾಲಿಗಳು ಮರಾಠಿಯವು. ಕಲಿಸುವವರು, ತಪಾಸಣೆಗೆ ಬರುವವರು, ಪುಸ್ತಕ ಅಚ್ಚು ಹಾಕಿಸುವವರು ಎಲ್ಲರೂ ಮರಾಠಿ ಬಲ್ಲವರೇ. ವಾಲ್ಟರ್ ಎಲಿಯಟ್‌ನಂಥ ಒಬ್ಬಿಬ್ಬ ಅಧಿಕಾರಿಗಳು ಕನ್ನಡ ಸಾಲಿಗೆ ಕೈಯಿಂದ ಹಣ ಹಾಕಿದರು. ಬೆಟಗೇರಿಯಲ್ಲಿ 1841ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಜನರ ಮಾತಿನಲ್ಲೇ ಕಲಿಸಿದರು, ಅವರಿಗೆ ಮತಪ್ರಚಾರದ ಸ್ವಂತ ಕಾರಣವಿತ್ತು ಅನ್ನುವುದು ಬೇರೆ ಮಾತು. ಗಾಳಿಯ ದಿಕ್ಕು ನಿಜಕ್ಕೂ ತಿರುಗಿದ್ದು ಶಿಕ್ಷಣಾಧಿಕಾರಿ ಡಬ್ಲ್ಯು.ಎ. ರಸೆಲ್ ಮತ್ತು ಡೆಪ್ಯುಟಿ ಚೆನ್ನಬಸಪ್ಪನವರ ಕಾಲದಲ್ಲಿ. ಮಾಸ್ತರರನ್ನು ತಯಾರು ಮಾಡುವ ಧಾರವಾಡದ ಸಾಲಿಯ ಮುಖ್ಯಸ್ಥರಾಗಿದ್ದ ಚೆನ್ನಬಸಪ್ಪನವರು ಹಳ್ಳಿಹಳ್ಳಿ ತಿರುಗಿ ಕನ್ನಡ ಸಾಲಿ ತೆರೆಸಿದರು, ಕನ್ನಡ ಪುಸ್ತಕ ಬರೆಯಿಸಿದರು, ತಾವೇ ಶೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದರು. 1890ರಲ್ಲಿ ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟುವ ಹೊತ್ತಿಗೆ ಆ ನೆಲ ಹದವಾಗಿತ್ತು.

ಆ ಹೋರಾಟದ ವಾದವನ್ನು ಬಿಡಿಸಿ ನೋಡಿದರೆ ಎರಡು ಎಳೆ ಕಾಣುತ್ತವೆ. ಒಂದು ಜನರ ಹಕ್ಕಿನದು: ಇಲ್ಲಿ ಬಹುಮಂದಿ ಕನ್ನಡಿಗರು, ಆದ್ದರಿಂದ ಸಾಲಿ ಕನ್ನಡದ್ದಾಗಬೇಕು. ಇನ್ನೊಂದು ಕೂಸಿನ ತಿಳಿವಿನದು: ಮನೆಯಲ್ಲಿ ಕೇಳದ ಮಾತಿನಲ್ಲಿ ಹೇಳಿದ ಪಾಠ ತಲೆಗೆ ಹತ್ತುವುದಿಲ್ಲ, ಗಿಳಿಪಾಠವಾಗುತ್ತದೆ. ಮೊದಲನೆಯ ಎಳೆ ಎಣಿಕೆಯನ್ನು ನಂಬಿದೆ. ಎರಡನೆಯದಕ್ಕೆ ಎಣಿಕೆ ಬೇಕಿಲ್ಲ. ಒಂದೇ ಮನೆಯ ಒಂದೇ ಕೂಸಿಗೂ ಅದು ಸಲ್ಲುತ್ತದೆ. 1956ರಲ್ಲಿ ಏಕೀಕರಣವಾದಾಗ ಮೊದಲನೆಯ ಎಳೆ ತನ್ನ ಕೆಲಸ ಮುಗಿಸಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ಬಂದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಮಾಡಬೇಕೆಂದಿತು. ಅಂದರೆ ಎರಡನೆಯ ಎಳೆಗೆ ಕಾಗದದ ಮೇಲೆ ಜಾಗ ಸಿಕ್ಕಿತು. ಊರೊಳಗೆ ಅದು ಇಳಿದು ಬಂದದ್ದು ಕಡಿಮೆ.

ಯಾಕೆಂದರೆ ಊರೊಳಗೆ ಕನ್ನಡವೊಂದೇ ಇರಲಿಲ್ಲ. ಮುಂಡರಗಿ, ಶಿರಹಟ್ಟಿ, ಗದಗ ತಾಲೂಕುಗಳ ಗುಡ್ಡದ ಸೆರಗಿನಲ್ಲಿ ಲಂಬಾಣಿ ತಾಂಡಾಗಳಿವೆ. ಲಕ್ಷ್ಮೇಶ್ವರದ ಮುಸಲ್ಮಾನ ಮನೆಗಳಲ್ಲಿ ದಖನಿ. ಉರ್ದು ಸಾಲಿಯ ಪುಸ್ತಕದ ಉರ್ದು ಆ ಕೂಸಿಗೂ ಅರ್ಧ ಪರಕೀಯವೇ. ಬೆಟಗೇರಿಯಲ್ಲಿ ಮಗ್ಗ ನಂಬಿದ ಪಟ್ಟೇಗಾರರ ಮನೆಮಾತು ಬೇರೆ, ಹರಣಶಿಕಾರಿಗಳದ್ದು ಬೇರೆ. ಈ ಕೊನೆಯವರ ಕತೆ ಕಹಿಯಾದದ್ದು. ಅಪರಾಧಿ ಬುಡಕಟ್ಟುಗಳೆಂದು ಹಣೆಪಟ್ಟಿ ಹಚ್ಚಿ ಜನರನ್ನು ಕೂಡಿಹಾಕಿದ ಮುಂಬಯಿ ಇಲಾಖೆಯ ‘ಸೆಟ್ಲಮೆಂಟ್’ಗಳಲ್ಲಿ ಒಂದು ಗದಗಿನಲ್ಲಿತ್ತು. 1924ರ ಅಪರಾಧಿ ಬುಡಕಟ್ಟು ಕಾಯ್ದೆಯಂತೆ ಆರು ವರ್ಷ ದಾಟಿದ ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕಬಹುದಿತ್ತು. ಮನೆಯೇ ಕೂಸನ್ನು ಕೆಡಿಸುತ್ತದೆ ಎಂಬ ನಂಬಿಕೆಯಿಂದ ಹುಟ್ಟಿದ ಕಾನೂನು ಅದು. ಮನೆ ಕೆಟ್ಟದ್ದಾದ ಮೇಲೆ ಮನೆಮಾತು ಒಳ್ಳೆಯದಾಗಿ ಉಳಿಯುವುದು ಹೇಗೆ? ಕಾಯ್ದೆ ರದ್ದಾಗಿ ಏಳು ದಶಕ ಕಳೆದಿವೆ. ಆದರೂ ತಾಂಡಾದ ಕೂಸಿನ ಮಾತಿಗೆ ‘ಅದೇನ್ ಭಾಷಾನೋ’ ಎಂದು ನಗುವ ನಗೆಯಲ್ಲಿ ಆ ನಂಬಿಕೆಯ ಚೂರೊಂದು ಇದ್ದೇ ಇದೆ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅದರಿಂದ ಹಳೆಯ ಬಿನ್ಯತ್ತೆಯ ಜಾಗಕ್ಕೆ ಅಂಗನವಾಡಿ ಬಂತು. ಈ ಯೋಜನೆಯಲ್ಲಿ ಭಾಷೆಗೆಂದು ಮಾಡದ ಒಂದು ನಿಯಮ ಭಾಷೆಗೆ ಎಲ್ಲಕ್ಕಿಂತ ಹೆಚ್ಚು ನೆರವಾಯಿತೆಂದು ನನ್ನ ಎಣಿಕೆ: ಕಾರ್ಯಕರ್ತೆ ಆಯಾ ಊರಿನವಳೇ ಆಗಿರಬೇಕು ಎಂಬುದು. ಗೌರವಧನ ಕಡಿಮೆ, ಹೊರಗಿನವರು ಬಂದು ನಿಲ್ಲುವುದಿಲ್ಲ ಎಂಬ ವ್ಯವಹಾರದ ಲೆಕ್ಕವೂ ಅದರ ಹಿಂದಿದ್ದೀತು. ಆದರೆ ತಾಂಡಾದವಳೇ ಕಾರ್ಯಕರ್ತೆಯಾದಾಗ ಆಗುವುದನ್ನು ನೋಡಿ. ಮೂರು ವರ್ಷದ ಕೂಸು ‘ಪಾಣಿ’ ಅಂದರೆ ಅವಳಿಗೆ ತಿಳಿಯುತ್ತದೆ. ‘ಹ್ಞೂಂ, ಪಾಣಿ, ನೀರು’ ಎನ್ನುತ್ತ ಲೋಟ ಕೊಡುತ್ತಾಳೆ. ಎರಡು ಶಬ್ದ ಒಂದೇ ಲೋಟದ ಮೇಲೆ ಕೂತವು. ‘ಯಾಡಿ’ ಎಂದು ಅಳುವ ಕೂಸಿಗೆ ಅವ್ವ ಎಲ್ಲಿದ್ದಾಳೆಂದು ಅದರ ಮಾತಿನಲ್ಲೇ ಹೇಳುತ್ತಾಳೆ. ಆ ಮಾತು ತಿಳಿಯದವಳ ಕೈಗೆ ಸಿಕ್ಕರೆ ಅದೇ ಕೂಸು ‘ಮಾತಾಡದ ಕೂಸು’, ‘ಮಂದ ಕೂಸು’. ದಖನಿ ಕೂಸು ಮೊಟ್ಟೆ ಬೇಡವೆಂದು ‘ನಕ್ಕೋ’ ಅಂದರೂ ಅಷ್ಟೇ. ಅಂದಹಾಗೆ ಆ ನಕ್ಕೋ ಮರಾಠಿಯ ‘ನಕೋ’. ಲಕ್ಷ್ಮೇಶ್ವರದ ಕಚೇರಿಯಿಂದ ಹೊರಟುಹೋದ ಮರಾಠಿ ಮುಸಲ್ಮಾನ ಕೂಸಿನ ನಾಲಿಗೆಯ ತುದಿಯಲ್ಲಿ ಉಳಿದಿದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವು ಹಗುರಾದವು. ಲಂಬಾಣಿಗೆ ಲಿಪಿಯಿಲ್ಲ, ಕಲಿಸುವುದೇನನ್ನು ಎನ್ನುತ್ತಾರೆ. ಮೂರರಿಂದ ಆರು ವರ್ಷದ ಕೂಸಿಗೆ ಬೇಕಾದದ್ದು ಹಾಡು, ಕತೆ, ಎಣಿಕೆ, ಮಾತು. ಲಿಪಿ ಆಮೇಲಿನದು, ಬೇಕಾದಾಗ ಕನ್ನಡ ಲಿಪಿಯೇ ಸಾಕು. ಒಂದೇ ಅಂಗನವಾಡಿಯಲ್ಲಿ ನಾಲ್ಕು ಮನೆಮಾತಿದ್ದರೆ ಒಬ್ಬಳು ಏನು ಮಾಡಿಯಾಳು ಎಂಬುದು ಬೆಟಗೇರಿಯಂಥ ಕಡೆ ನಿಜವಾದ ತೊಡಕು. ಅದಕ್ಕೆ ಪೂರ್ತಿ ಪರಿಹಾರವಿಲ್ಲ. ಆದರೆ ಸಹಾಯಕಿಯೊಬ್ಬಳು ಇನ್ನೊಂದು ಮಾತು ಬಲ್ಲವಳಾದರೆ, ವಾರಕ್ಕೊಮ್ಮೆ ಓಣಿಯ ಅಜ್ಜಿ ಬಂದು ಕತೆ ಹೇಳಿದರೆ ಅರ್ಧ ತೊಡಕು ಬಿಡುತ್ತದೆ. ಇನ್ನು ತಾಯಿತಂದೆಯರ ಮಾತು: ನಮ್ಮ ಮಾತು ಮನೆಯಲ್ಲಿ ಇದ್ದದ್ದೇ, ಸಾಲಿಗೆ ಕಳಿಸುವುದು ಕನ್ನಡ, ಇಂಗ್ಲಿಷ್ ಬರಲೆಂದು. ಇದು ಸರಿಯಾದ ಆಸೆ. ಅವರು ಕೇಳುತ್ತಿರುವುದು ಸಾಲಿ ಮುಗಿದಾಗ ಬರಬೇಕಾದ ಕನ್ನಡವನ್ನು. ಇಲ್ಲಿ ಹೇಳುತ್ತಿರುವುದು ಸಾಲಿ ಶುರುವಾಗುವಾಗ ಹಿಡಿಯಬೇಕಾದ ಕೈಯನ್ನು. ಒಡಿಶಾ 2007ರ ಸುಮಾರಿಗೆ ಹತ್ತು ಆದಿವಾಸಿ ಭಾಷೆಗಳಲ್ಲಿ ಕಲಿಕೆ ಶುರುಮಾಡಿದಾಗಲೂ ಮಕ್ಕಳು ಮೆಲ್ಲಗೆ ಒಡಿಯಾಕ್ಕೆ ದಾಟುವ ಏರ್ಪಾಟೇ ಇತ್ತು.

ತೂಕದ ಆಕ್ಷೇಪ ಬೇರೆಯದು. ಮರಾಠಿ ಇಲ್ಲಿ ಆಳಿದವರ ಭಾಷೆ, ಕನ್ನಡ ನೆಲದ ಭಾಷೆ. ಒಂದು ಕಾಲಕ್ಕೆ ತುಳಿತಕ್ಕೆ ಸಿಕ್ಕು ಈಗ ಇಂಗ್ಲಿಷಿನ ಎದುರು ಏದುಸಿರು ಬಿಡುತ್ತಿರುವ ಕನ್ನಡವನ್ನು ಪಟವರ್ಧನರ ಮರಾಠಿಯ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯವಲ್ಲವೇ? ಜನರ ಹಕ್ಕಿನ ಎಳೆಯಲ್ಲಿ ನೋಡಿದರೆ ಖಂಡಿತ ಅನ್ಯಾಯ. ಲಂಬಾಣಿ ಕೂಸಿಗೆ ಕನ್ನಡ ಬೇಕೇ ಬೇಕು, ಸಂತೆಗೂ ಕಚೇರಿಗೂ. ಆದರೆ ಕೂಸಿನ ತಿಳಿವಿನ ಎಳೆಯಲ್ಲಿ ಈ ಭೇದವಿಲ್ಲ. ಯಾವುದು ಆಳಿದವರ ಭಾಷೆ, ಯಾವುದು ನೆಲದ ಭಾಷೆ ಎಂದು ಮೂರು ವರ್ಷದ ಕೂಸಿಗೆ ತಿಳಿಯದು. ತಿಳಿದ ಮಾತು, ತಿಳಿಯದ ಮಾತು ಎರಡೇ ಅದಕ್ಕೆ ಗೊತ್ತು. ಮನೆಮಾತು ಬೆಳೆದರೆ ಕನ್ನಡ ಸೊರಗುತ್ತದೆಂಬ ಅಂಜಿಕೆಗೂ ಇಲ್ಲಿಯ ನೆಲವೇ ಉತ್ತರ ಕೊಟ್ಟಿದೆ. ಕನ್ನಡದ ಕವಿ ಬೇಂದ್ರೆಯವರ ಹಿರೀಕರು ಶಿರಹಟ್ಟಿಯವರು, ಮನೆಮಾತು ಮರಾಠಿ. ಒಬ್ಬ ಬೇಂದ್ರೆಯಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಮನೆಮಾತನ್ನು ಬಿಡಿಸಿದ ಮೇಲೆ ಮಾತ್ರ ಕನ್ನಡ ಬರುತ್ತದೆ ಎಂಬ ಸಿದ್ಧಾಂತ ಬೀಳಲು ಒಬ್ಬರೇ ಸಾಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮನೆಮಾತಿನ ಹೆಸರು ಹಿಡಿದು ಮಾತಾಡಿದೆ. ಅದಕ್ಕೂ ಮುಂಚೆ, 2013ರ ಶಾಲಾಪೂರ್ವ ಶಿಕ್ಷಣ ನೀತಿಯೂ ಮಾತಾಡಿತ್ತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೂಸಿನ ತಾಯ್ನುಡಿ ಯಾವುದೆಂದು ಹೇಳುವ ಅಧಿಕಾರ ಪಾಲಕರದು ಎಂದಿತು. ಆ ತೀರ್ಪನ್ನು ಇಂಗ್ಲಿಷ್ ಮಾಧ್ಯಮದ ಗೆಲುವೆಂದೇ ನಾವು ಓದಿದೆವು, ತಾಂಡಾದ ತಾಯಿಯೂ ಪಾಲಕಳೇ ಎಂಬುದು ಆ ಚರ್ಚೆಯಲ್ಲಿ ಬರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮೂಡಿಗೆರೆಯ ಅಂಗನವಾಡಿ ನೇಮಕಾತಿಯ ಪ್ರಕಟಣೆಯಲ್ಲಿ ಉರ್ದು ಬಲ್ಲವರು ಬೇಕೆಂದು ಕಂಡಾಗ ದೊಡ್ಡ ಗದ್ದಲವಾಯಿತು, ಕನ್ನಡಕ್ಕೆ ಅವಮಾನವೆಂದು. ಉರ್ದು ಮನೆಯ ಮೂರು ವರ್ಷದ ಕೂಸು ಯಾರ ಸಂಗಡ ಮಾತಾಡಬೇಕು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಡೆಪ್ಯುಟಿ ಚೆನ್ನಬಸಪ್ಪನವರ ಕಾಲದಲ್ಲಿ ಇದೇ ಪ್ರಶ್ನೆ ಕನ್ನಡದ ಪಕ್ಷದಿಂದ ಎದ್ದಿತ್ತು. ಲಂಬಾಣಿಯ ಪಾಡಂತೂ ಎಣಿಕೆಯ ಮನೆಯಲ್ಲೇ ಕೆಟ್ಟಿದೆ: 2011ರ ಜನಗಣತಿ ದೇಶದ ಸುಮಾರು 33 ಲಕ್ಷ ಲಂಬಾಣಿ ಮಾತಿನವರನ್ನು ಹಿಂದಿಯ ಕೆಳಗೆ ಸೇರಿಸಿ ಕೂಡಿಸಿತು. ಹಾಗಾಗಿ ಮುಂಡರಗಿ ತಾಲೂಕಿನ ತಾಂಡಾದಲ್ಲಿ ‘ಪಾಣಿ’ ಕೇಳುವ ಕೂಸು ಅಂಗನವಾಡಿಯಲ್ಲಿ ಕನ್ನಡದ್ದು, ದಿಲ್ಲಿಯ ದಪ್ತರದಲ್ಲಿ ಹಿಂದಿಯದು.