ದ್ರಾಕ್ಷಿ, ಹುಳು ಮತ್ತು ಮನುಷ್ಯನ ಒಂದು ಪ್ರೋಟೀನು

ಜೀವಕೋಶಗಳ ಅಧ್ಯಯನ ನಡೆಸುವ ಪ್ರಯೋಗಾಲಯಗಳ ಫ್ರೀಜರಿನಲ್ಲಿ, ಮೈನಸ್ 80 ಡಿಗ್ರಿಯಲ್ಲಿ, ಪುಟ್ಟ ಪ್ಲಾಸ್ಟಿಕ್ ನಳಿಕೆಗಳಿರುತ್ತವೆ. ಕೆಲವದರ ಮೇಲೆ ‘ಸಿಡಿಕೆ1–ಸೈಕ್ಲಿನ್ ಬಿ, ಮಾನವ, ರಿಕಾಂಬಿನೆಂಟ್’ ಎಂಬ ಚೀಟಿ. ಒಳಗಿನ ಹನಿಯನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ. ವಿಜಯಪುರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು ಇದರ ಸುದ್ದಿ ಎತ್ತಿದಾಗ, ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಕಾಕಾ ಕೇಳಿದ್ದು ಒಂದೇ ಮಾತು: “ಮನಷ್ಯಾರದು ಅಂತೀಯಲ್ಲ, ಯಾರ ಮೈಯಾಗಿಂದ ತಗದಾರ ಇದನ್ನ?”

ಯಾರ ಮೈಯಿಂದಲೂ ಅಲ್ಲ. ಆದರೆ ಉತ್ತರವನ್ನು ದ್ರಾಕ್ಷಿಯಿಂದಲೇ ಶುರುಮಾಡಬೇಕು.

1893ರಲ್ಲಿ ಜರ್ಮನಿಯ ಪಾಲ್ ಲಿಂಡ್ನರ್ ಪೂರ್ವ ಆಫ್ರಿಕಾದ ಸಿರಿಧಾನ್ಯದ ಬಿಯರಿನಲ್ಲಿ ಸಿಕ್ಕ ಯೀಸ್ಟೊಂದಕ್ಕೆ ಸ್ಕಿಜೋಸ್ಯಾಕರೊಮೈಸಿಸ್ ಪೊಂಬೆ ಎಂದು ಹೆಸರಿಟ್ಟ. ಸ್ವಾಹಿಲಿಯಲ್ಲಿ ಪೊಂಬೆ ಎಂದರೆ ಬಿಯರು. (ನಮ್ಮ ಜೋಳದ ತವರೂ ಆಫ್ರಿಕಾವೇ.) ಬ್ರೆಡ್ಡಿನ ಯೀಸ್ಟಿನಂತೆ ಇದು ಮೊಗ್ಗು ಬಿಡುವುದಿಲ್ಲ. ಉದ್ದಕ್ಕೆ ಬೆಳೆದು ನಟ್ಟನಡುವೆ ಎರಡಾಗುತ್ತದೆ. ಇಂದು ಪ್ರಯೋಗಾಲಯಗಳಲ್ಲಿ ಬಳಸುವ ತಳಿ ಮಾತ್ರ ಬಿಯರಿನದಲ್ಲ. 1924ರಲ್ಲಿ ಸ್ವಿಟ್ಜರ್ಲೆಂಡಿನ ಓಸ್ಟರ್‌ವಾಲ್ಡರ್ ಫ್ರಾನ್ಸಿನ ದ್ರಾಕ್ಷಿ ರಸದಿಂದ ಬೇರ್ಪಡಿಸಿದ ಯೀಸ್ಟಿನ ಸಂತತಿ ಅದು. ಉರ್ಸ್ ಲ್ಯೂಪೋಲ್ಡ್ ಅದನ್ನೇ ಹಿಡಿದು ತಳಿಶಾಸ್ತ್ರ ಕಟ್ಟಿದರು. ಅವರಲ್ಲಿ ಕಲಿಯಲು ಬರ್ನ್ ನಗರಕ್ಕೆ ಹೋದ ಇಂಗ್ಲೆಂಡಿನ ಯುವಕ ಪಾಲ್ ನರ್ಸ್.

ನರ್ಸ್ ಆಮೇಲೆ ಎಡಿನ್‌ಬರೋದಲ್ಲಿ ಕುಳಿತು, ಪೂರ್ತಿ ಬೆಳೆಯುವ ಮೊದಲೇ ಒಡೆದು ಎರಡಾಗುವ ಕುಳ್ಳ ಯೀಸ್ಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿದರು. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಚಿಕ್ಕದಕ್ಕೆ ‘ವೀ’ ಎನ್ನುತ್ತಾರೆ. ಜೀನಿಗೂ ಅದೇ ಹೆಸರಾಯಿತು. ಅವರ ತರ್ಕ ಸರಳ. ಗಾಡಿಯ ಯಾವ ಭಾಗ ಮುರಿದರೂ ಗಾಡಿ ನಿಲ್ಲುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಗಾಡಿ ಹೆಚ್ಚು ಜೋರಾಗಿ ಓಡತೊಡಗಿದರೆ ಮಾತ್ರ ಕೈ ಬಿದ್ದದ್ದು ವೇಗದ ಕೀಲಿಗೆ ಎಂದು ಗೊತ್ತಾಗುತ್ತದೆ. ಸಿಡಿಸಿ2 ಎಂಬ ಜೀನಿನಲ್ಲಿ ಎರಡೂ ಕಂಡವು: ಒಂದು ಬಗೆಯಲ್ಲಿ ಕೆಟ್ಟರೆ ವಿಭಜನೆ ನಿಲ್ಲುತ್ತದೆ, ಇನ್ನೊಂದು ಬಗೆಯಲ್ಲಿ ಬದಲಾದರೆ ಅವಸರಪಡುತ್ತದೆ.

ಯೀಸ್ಟಿನ ಕೀಲಿ ಮನುಷ್ಯನಲ್ಲೂ ಇದೆಯೇ? ಲಂಡನ್ನಿನ ನರ್ಸ್ ಪ್ರಯೋಗಾಲಯದಲ್ಲಿ ಮೆಲನಿ ಲೀ ಮಾಡಿದ ಪ್ರಯೋಗವನ್ನು ನಾನು ಎಷ್ಟು ಸಲ ಓದಿದರೂ ಬೇಸರವಾಗಿಲ್ಲ. ಸಿಡಿಸಿ2 ಕೆಟ್ಟ, ಬಿಸಿ ತಾಗಿದರೆ ಒಡೆಯಲಾರದೆ ನಿಂತುಬಿಡುವ ಯೀಸ್ಟು. ಅದರೊಳಗೆ ಮನುಷ್ಯರ ಜೀನುಗಳ ಪ್ರತಿಗಳನ್ನು ತುರುಕಿ ಬಿಸಿಯಲ್ಲಿಟ್ಟರು. ಬಹುಪಾಲು ಸತ್ತವು, ಕೆಲವು ಬೆಳೆದವು. ಬದುಕಿಸಿದ ಜೀನನ್ನು ಹೊರತೆಗೆದು ಓದಿದರೆ ಅದು ಮನುಷ್ಯನ ಸಿಡಿಸಿ2. 297 ಅಮೈನೋ ಆಮ್ಲಗಳ ಪ್ರೋಟೀನಿನ ಬರಹ. ನೂರು ಕೋಟಿ ವರ್ಷಗಳಿಗೂ ಹಿಂದೆ ಬೇರೆಯಾದ ದಾಯಾದಿಗಳಲ್ಲಿ ಒಬ್ಬನ ಕೀಲಿ ಇನ್ನೊಬ್ಬನ ಬೀಗಕ್ಕೆ ಹೊಂದಿತ್ತು. ಇದು ಪ್ರಕಟವಾದದ್ದು 1987ರಲ್ಲಿ. 2001ರ ನೊಬೆಲ್ ನರ್ಸ್, ಹಾರ್ಟ್‌ವೆಲ್, ಹಂಟ್ ಮೂವರಿಗೆ ಬಂತು. ಮೆಲನಿ ಲೀ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡದಾಗಿ ಇರಬೇಕಿತ್ತು ಎಂದು ನನಗನಿಸುತ್ತದೆ.

ಈ ಪ್ರೋಟೀನು ಒಂದು ಕೈನೇಸ್. ಎಟಿಪಿಯಿಂದ ಫಾಸ್ಫೇಟನ್ನು ಕಿತ್ತು ಬೇರೆ ಪ್ರೋಟೀನುಗಳಿಗೆ ಅಂಟಿಸಿ ‘ಇನ್ನು ಒಡೆಯಿರಿ’ ಎಂದು ಹೇಳುವುದು ಅದರ ಕೆಲಸ. ಒಂಟಿಯಾಗಿ ಅದು ನಿಷ್ಕ್ರಿಯ. ಟಿಮ್ ಹಂಟ್ 1982ರಲ್ಲಿ ಕಡಲ ಜೀವಿಯೊಂದರ ಮೊಟ್ಟೆಗಳಲ್ಲಿ ಕಂಡ ಸೈಕ್ಲಿನ್ ಜೊತೆಗೂಡಬೇಕು. ಹಾಗಾಗಿಯೇ ನಳಿಕೆಯ ಚೀಟಿಯಲ್ಲಿ ಎರಡು ಹೆಸರು.

ಸರಿ, ಜೀನು ಮನುಷ್ಯನದು. ಪ್ರೋಟೀನು ತಯಾರಾಗುವುದೆಲ್ಲಿ? ಹೆಚ್ಚಾಗಿ ಒಂದು ಹುಳದ ಜೀವಕೋಶದಲ್ಲಿ. ಬಬಲೇಶ್ವರದ ಕಡೆ ಗೋವಿನಜೋಳ ಬಿತ್ತಿದವರಿಗೆ ಆ ಹುಳದ ಹೆಸರು ಹೇಳಿದರೆ ಸಿಟ್ಟೇ ಬರಬಹುದು: ಫಾಲ್ ಸೈನಿಕ ಹುಳು. ಭಾರತದಲ್ಲಿ ಅದು ಮೊದಲು ಕಾಣಿಸಿಕೊಂಡಿದ್ದು 2018ರಲ್ಲಿ, ಕರ್ನಾಟಕದಲ್ಲೇ. ಆದರೆ 1970ರ ದಶಕದಲ್ಲೇ ಅಮೆರಿಕದಲ್ಲಿ ಅದರ ಅಂಡಾಶಯದಿಂದ ತೆಗೆದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ್ದರು. ಹುಳಗಳಿಗೆ ತಗಲುವ ಬ್ಯಾಕ್ಯುಲೋವೈರಸ್ಸಿಗೆ ಮನುಷ್ಯನ ಜೀನನ್ನು ಜೋಡಿಸಿ ಈ ಕೋಶಗಳಿಗೆ ಸೋಂಕು ಹತ್ತಿಸುತ್ತಾರೆ. ಕೆಲವೇ ದಿನಗಳಲ್ಲಿ ಕೋಶದ ತುಂಬ ಮನುಷ್ಯನ ಪ್ರೋಟೀನು. ತೊಗರಿಯ ಕಾಯಿಕೊರಕಕ್ಕೆ ಸಿಂಪಡಿಸುವ ಎನ್‌ಪಿವಿ ಇದೇ ಬಳಗದ ವೈರಸ್ಸು. ಬ್ಯಾಕ್ಟೀರಿಯಾದಲ್ಲಿ ಮಾಡಿದರೆ ಅಗ್ಗ, ಆದರೆ ಈ ಕೈನೇಸ್ ಚುರುಕಾಗಲು ಅದರ ಮೇಲೂ ಒಂದು ಫಾಸ್ಫೇಟ್ ಕೂರಬೇಕು. ಹುಳದ ಕೋಶಕ್ಕೆ ಆ ಕಸುಬು ಗೊತ್ತಿದೆ.

ಇಷ್ಟು ಪಾಡುಪಟ್ಟು ಮಾಡುವುದೇಕೆಂದರೆ, ಕ್ಯಾನ್ಸರಿನಲ್ಲಿ ಕೋಶಗಳು ತಡೆಯಿಲ್ಲದೆ ಒಡೆಯುತ್ತವೆ. ಸಿಡಿಕೆಗಳನ್ನು ತಡೆಯಬಲ್ಲ ವಸ್ತು ಸಿಕ್ಕಿತೇ ಎಂದು ಮೊದಲು ನೋಡುವುದು ಇಂಥ ಶುದ್ಧ ಹನಿಯ ಮೇಲೆಯೇ. ಮನುಷ್ಯರ ಮೇಲಿನ ಚಿಕಿತ್ಸಾ ಪರೀಕ್ಷೆಗೆ ಹೋದ ಮೊಟ್ಟಮೊದಲ ಸಿಡಿಕೆ ತಡೆ ಫ್ಲೇವೊಪಿರಿಡಾಲ್. ಅದಕ್ಕೆ ಮಾದರಿಯಾದದ್ದು ರೋಹಿಟುಕಿನ್, ಭಾರತದ ಹೋಕ್ಸ್ಟ್ ಕಂಪನಿಯ ವಿಜ್ಞಾನಿಗಳು ಡೈಸಾಕ್ಸಿಲಮ್ ಬೈನೆಕ್ಟಾರಿಫೆರಮ್ ಎಂಬ ಮರದಿಂದ ತೆಗೆದದ್ದು. ಬೇವಿನ ಕುಟುಂಬದ ಈ ಮರ ನಮ್ಮ ಬಯಲುಸೀಮೆಯಲ್ಲಿಲ್ಲ, ಪಶ್ಚಿಮಘಟ್ಟದಲ್ಲಿದೆ. ಅವರು ಹುಡುಕುತ್ತಿದ್ದುದು ಕ್ಯಾನ್ಸರಿನ ಮದ್ದನ್ನಲ್ಲ, ಉರಿಯೂತದ್ದನ್ನು.

ಒಂದು ಮರಕ್ಕೆ ಔಷಧಿಯ ಹೆಸರು ಬಂತೆಂದರೆ ಅದರ ತೊಗಟೆ ಉಳಿಯುವುದು ಕಷ್ಟ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಮತ್ತು ಸಂಗಡಿಗರು ಈ ಮರದಲ್ಲಿ ರೋಹಿಟುಕಿನ್ ಹೇರಳವಾಗಿರುವುದನ್ನು 2010ರಲ್ಲಿ ದಾಖಲಿಸಿದರು. 2012ರಲ್ಲಿ, ಮರದ ಅಂಗಾಂಶದೊಳಗೆ ಸದ್ದಿಲ್ಲದೆ ಬದುಕುವ ಒಂದು ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸಿದರೆ, ಮರದ ಹಂಗಿಲ್ಲದೆ ಅದೂ ರೋಹಿಟುಕಿನ್ ತಯಾರಿಸುತ್ತದೆ ಎಂದು ತೋರಿಸಿದರು.