ಸೀಸೆಯಲ್ಲಿದ್ದ ಸಾಕ್ಷಿ

ನಾನು ಹುಡುಗನಾಗಿದ್ದಾಗ ನಮ್ಮ ಸೋದರತ್ತೆಯೊಬ್ಬರು ತೀರಿಕೊಂಡರು. ಏನು ಕಾಯಿಲೆಯೆಂದು ಕೇಳಿದರೆ ಹಿರಿಯರು 'ಹೆಂಗಸರ ಕಾಯಿಲೆ' ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಅದು ಗರ್ಭಕೊರಳಿನ ಕ್ಯಾನ್ಸರ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದರ ಕಾರಣವನ್ನು ಕಂಡುಹಿಡಿದ ಬಗೆಯನ್ನು ಓದುತ್ತ ಹೋದಾಗ ನನಗೆ ಹೆಚ್ಚು ಸೋಜಿಗವೆನಿಸಿದ್ದು ಒಂದು ಸಂಗತಿ: ಮುಖ್ಯ ಸಾಕ್ಷಿಯೊಂದು ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನಿಗಳ ಕೈಯಲ್ಲೇ ಇದ್ದಿತು, ತಕ್ಕ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕಥೆ ಆರಂಭವಾಗುವುದು ಇಟಲಿಯ ವೆರೋನಾ ಪಟ್ಟಣದ ಮರಣದಾಖಲೆಗಳಲ್ಲಿ. ರಿಗೋನಿ-ಸ್ಟರ್ನ್ ಎಂಬ ವೈದ್ಯ 1760ರಿಂದ 1839ರವರೆಗಿನ ದಾಖಲೆಗಳನ್ನು ತಾಳ್ಮೆಯಿಂದ ಲೆಕ್ಕಹಾಕಿ, 1842ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ. ಗರ್ಭಕೋಶದ ಕ್ಯಾನ್ಸರ್ ಮದುವೆಯಾದ ಹೆಂಗಸರಲ್ಲಿ ಹೆಚ್ಚು; ಕ್ರೈಸ್ತ ಸಂನ್ಯಾಸಿನಿಯರಲ್ಲಿ ಬಹು ವಿರಳ. ಹಾಗಾದರೆ ಗಂಡುಹೆಣ್ಣಿನ ಸಂಪರ್ಕದಿಂದ ಏನೋ ಒಂದು ದಾಟಿಬರುತ್ತಿರಬೇಕು ಎಂಬ ಗುಮಾನಿಗೆ ಇದು ಬೀಜವಾಯಿತು. ಆ 'ಏನೋ ಒಂದು' ಯಾವುದೆಂದು ತಿಳಿಯಲು ಮತ್ತೆ ನೂರನಲವತ್ತು ವರ್ಷ ಬೇಕಾಯಿತು.

1960ರ ದಶಕದ ಕೊನೆಯ ವೇಳೆಗೆ ಸಂಶಯವೆಲ್ಲ ಹರ್ಪಿಸ್ ಜಾತಿಯ ಒಂದು ವೈರಸ್ಸಿನ ಮೇಲೆ ನೆಟ್ಟಿತ್ತು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರು ಗಡ್ಡೆಗಳಲ್ಲಿ ಅದರ ಡಿ.ಎನ್.ಎ.ಯನ್ನು ಹುಡುಕಿದರು, ಸಿಗಲಿಲ್ಲ. 1974ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಸೇರಿದ ಸಭೆಯಲ್ಲಿ ಹಾಗೆಂದು ಹೇಳಿದಾಗ ಕೇಳಿದವರಿಗೆ ರುಚಿಸಲಿಲ್ಲ. ಅವರ ಗುಮಾನಿ ಇದ್ದದ್ದು ನರುಳ್ಳೆಯನ್ನು ಎಬ್ಬಿಸುವ ವೈರಸ್ಸಿನ ಮೇಲೆ. ಗುಹ್ಯಭಾಗದ ನರುಳ್ಳೆ ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗಿದ ಉದಾಹರಣೆಗಳು ಹಳೆಯ ವೈದ್ಯರ ಬರಹಗಳಲ್ಲಿದ್ದವು.

ಆದರೆ ಈ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಬರುತ್ತಿರಲಿಲ್ಲ. ಸಾಲದ್ದಕ್ಕೆ ಅದು ಒಂದಲ್ಲ, ಹಲವು ಬಗೆ. ಉಪಾಯವೊಂದು ಉಳಿದಿತ್ತು. ಡಿ.ಎನ್.ಎ. ಎಂಬುದು ಎರಡೆಳೆಯ ಹುರಿ. ಬಿಡಿಸಿದ ಒಂದೆಳೆ ತನಗೊಪ್ಪುವ ಜೊತೆಯೆಳೆಯನ್ನು ಕಂಡರೆ ಹೆಣೆದುಕೊಳ್ಳುತ್ತದೆ. ಗೊತ್ತಿದ್ದ ವೈರಸ್ಸಿನ ಎಳೆಗೆ ವಿಕಿರಣದ ಗುರುತು ಹಚ್ಚಿ, ಅದನ್ನೇ ಗಾಳವಾಗಿ ಗಡ್ಡೆಯ ಡಿ.ಎನ್.ಎ.ಗೆ ಒಡ್ಡಿದರು. ಅವರ ತಂಡಕ್ಕೆ 1983ರಲ್ಲಿ ಹದಿನಾರನೆಯ ಬಗೆಯೂ, 1984ರಲ್ಲಿ ಹದಿನೆಂಟನೆಯದೂ ಸಿಕ್ಕಿದವು. ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಈ ಎರಡೇ ಕಾರಣವೆಂದು ಇಂದು ನಾವು ಬಲ್ಲೆವು.

ಇನ್ನು ಆ ಸಾಕ್ಷಿಯ ಮಾತು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಜನಾಂಗದ ಹೆಂಗಸು ಬಂದಳು. ಐದು ಮಕ್ಕಳ ತಾಯಿ. ಅವಳನ್ನು ಕೇಳದೆಯೇ ಅವಳ ಗಡ್ಡೆಯ ತುಣುಕೊಂದನ್ನು ಸಂಶೋಧನೆಗೆ ತೆಗೆದುಕೊಂಡರು. ಅದೇ ಅಕ್ಟೋಬರಿನಲ್ಲಿ, 31ರ ಪ್ರಾಯದಲ್ಲಿ, ಅವಳು ತೀರಿಕೊಂಡಳು. ಜೀವಕೋಶಗಳು ಮಾತ್ರ ಸೀಸೆಯಲ್ಲಿ ಬೆಳೆಯುತ್ತಲೇ ಹೋದವು. 'ಹೀಲಾ' ಎಂಬ ಹೆಸರಿನಿಂದ ದೇಶದೇಶಗಳ ಪ್ರಯೋಗಶಾಲೆಗಳಿಗೆ ಹೋದವು. ಪೋಲಿಯೋ ಲಸಿಕೆಯ ಪರೀಕ್ಷೆಗೂ ಒದಗಿದವು. ಅವಳ ಮನೆಯವರಿಗೆ 1970ರ ದಶಕದವರೆಗೆ ಇದರ ಸುದ್ದಿಯೇ ಇರಲಿಲ್ಲ.

1984ರಲ್ಲಿ ಅದೇ ಗಾಳವನ್ನು ಹೀಲಾ ಕೋಶಗಳಿಗೂ ಒಡ್ಡಿ ನೋಡಿದರು. ಹದಿನೆಂಟನೆಯ ಬಗೆಯ ವೈರಸ್ಸಿನ ಡಿ.ಎನ್.ಎ. ಅವುಗಳ ಸ್ವಂತ ಡಿ.ಎನ್.ಎ.ಯೊಳಗೇ ಸೇರಿಕೊಂಡಿತ್ತು! ಅವಳನ್ನು ಕೊಂದದ್ದು ಯಾವುದೆಂದು ಅವಳ ಕೋಶಗಳೇ ಹೇಳಿದವು. ಮುಂದೆ ಅದರ ಕೆಲಸದ ರೀತಿಯೂ ಬಯಲಾಯಿತು. ಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ಕಾವಲುಗಾರರು ನಮ್ಮೊಳಗೇ ಇದ್ದಾರೆ. ವೈರಸ್ಸಿನ ಎರಡು ಪ್ರೋಟೀನುಗಳಲ್ಲಿ ಒಂದು, ಪಿ-53 ಎಂಬ ಕಾವಲುಗಾರನನ್ನು ನಾಶಮಾಡಿಸುತ್ತದೆ. ಇನ್ನೊಂದು ಆರ್‌ಬಿ ಎಂಬುವನ ಕೈಕಟ್ಟುತ್ತದೆ. ಸೋಂಕು ತಗುಲಿದವರಲ್ಲಿ ಬಹುಮಂದಿಗೆ ಅದು ತಾನಾಗಿ ಅಳಿಯುತ್ತದೆ. ಉಳಿದುಕೊಂಡರೆ ಮಾತ್ರ, ಹಲವು ವರ್ಷಗಳ ಮೇಲೆ, ಕ್ಯಾನ್ಸರಾಗುವ ಭಯ.

ಕಾರಣ ತಿಳಿದ ಮೇಲೆ ತಡೆಯೂ ಸಾಧ್ಯವಾಯಿತು. 2006ರಲ್ಲಿ ಲಸಿಕೆ ಬಂದಿತು. 2008ರಲ್ಲಿ ತ್ಸುರ್ ಹೌಸೆನ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 2023ರಲ್ಲಿ ಅವರು ಕಾಲವಾದರು. ನಮ್ಮ ದೇಶದಲ್ಲೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಆದರೆ ಅದೇ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3,50,000 ಹೆಂಗಸರು ಈ ರೋಗದಿಂದ ಸತ್ತರು. ಲಸಿಕೆ ಹಾಕಿಸಿಕೊಂಡವರೂ ವಯಸ್ಸಾದ ಮೇಲೆ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ತಿಳಿವಳಿಕೆ ಪ್ರಯೋಗಶಾಲೆಯಿಂದ ಮನೆಯ ಹೊಸಲಿಗೆ ಬರುವ ದಾರಿ ಇನ್ನೂ ದೂರವಿದೆ.

ವಿಜ್ಞಾನಿಗಳಿಗೆ ಸಂದ ಗೌರವ ನ್ಯಾಯವಾದದ್ದೇ. ಹೆನ್ರಿಯೆಟ್ಟಾಳ ಗೋರಿಗಾದರೋ 2010ರವರೆಗೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. ವೆರೋನಾದ ಹೆಂಗಸರು ಬರಿಯ ಅಂಕಿಗಳಾಗಿ ಉಳಿದರು. ನಮ್ಮ ಅತ್ತೆ ಯಾವ ಲೆಕ್ಕಕ್ಕಾದರೂ ಸೇರಿದರೋ ಇಲ್ಲವೋ!

ಕಳೆದ ವರ್ಷ ನನ್ನ ಮೊಮ್ಮಗಳಿಗೆ ಈ ಲಸಿಕೆ ಹಾಕಿಸಿದೆವು. "ಯಾವ ಕಾಯಿಲೆಗೆ ತಾತ ಇದು?" ಎಂದು ಆಟೋದಲ್ಲಿ ಕೇಳಿದಳು. ಕಾಯಿಲೆಯ ಹೆಸರು ಹೇಳಿದೆ. ಮನೆ ಮುಟ್ಟುವುದರೊಳಗೆ ಅತ್ತೆಯ ಕಥೆಯನ್ನೂ ಹೇಳಿ ಮುಗಿಸಿದ್ದೆ.